ನನ್ನ ನಾಯಿಗೆ ತಜ್ಞರ ಸಾಕ್ಷಿ

ನ್ಯಾಯ ಕೇಳಲು ಹೊರಟವನ ಸುತ್ತ ನಗೆ ತರಿಸುವ ಸಂಗತಿ ದಿನಕ್ಕೊಂದು ನಡೆಯುತ್ತದೆ. ಜೊತೆಗೆ ಕೂತು ನಗುವವರು ಸಿಗುವುದಿಲ್ಲ, ಅಷ್ಟೇ. ನನ್ನ ಮನೆಯಲ್ಲಿರುವವರು ಇಬ್ಬರು: ನಾನು, ನನ್ನ ನಾಯಿ ಕೆಂಚ. ಎಣ್ಣೆ ಮಿಲ್ಲಿನ ಮಾಲೀಕನೊಬ್ಬ ಕೆಂಚನ ಹಿಂಗಾಲಿನ ಮೇಲೆ ಕಾರು ಹತ್ತಿಸಿದ. ಕೇಳಿದರೆ, "ಅದು ಬೀದಿನಾಯಿ, ನಿಂದಲ್ಲ" ಅಂದ. ಕಾಲು ಮುರಿದದ್ದಕ್ಕಿಂತ ಆ ಮಾತಿಗೆ ನನಗೆ ಮೈ ಉರಿಯಿತು. ಚಳ್ಳಕೆರೆ ಕೋರ್ಟಿಗೆ ಹೋದೆ. ವಕೀಲರನ್ನು ಹಿಡಿಯಲಿಲ್ಲ, ಕಾನೂನು ನಾನೇ ಓದಿಕೊಂಡವನು.

೧

"ನಾಯಿ ರಸ್ತೆ ಪಕ್ಕ ಯಾಕೆ ಮಲಗಿತ್ತು?" ಎಂದು ಎದುರು ವಕೀಲರು ಕೇಳಿದರು.

"ಧರಣಿ ಕೂತಿತ್ತು. ದೊಡ್ಡಉಳ್ಳಾರ್ತಿ ಕಾವಲಲ್ಲಿ ಕುರಿ ಮೇಯೋಕೆ ಹೋಗೋ ದಾರಿಗೆ ಬೇಲಿ ಹಾಕಿದ್ರಲ್ಲ, ಅದಕ್ಕೆ."

ನ್ಯಾಯಾಧೀಶರು ಕೇಳಿದರು: "ಧರಣಿಯಲ್ಲಿ ಎಷ್ಟು ಜನ ಇದ್ರಿ?"

"ಇಬ್ರು, ಸ್ವಾಮಿ."

"ಹಾಗಾದ್ರೆ ಇನ್ನೊಬ್ಬರನ್ನ ಸಾಕ್ಷಿಗೆ ಕರೆಸಿ."

"ಅವನ ಕಾಲೇ ಸ್ವಾಮಿ ಮುರಿದಿರೋದು."

೨

ನ್ಯಾಯಾಧೀಶರು ತಜ್ಞರ ವರದಿ ಬೇಕೆಂದರು. ಪಶು ಆಸ್ಪತ್ರೆಯಲ್ಲಿ ಇದ್ದದ್ದು ಹಸು, ಎಮ್ಮೆಯ ಫಾರಂ ಒಂದೇ. ಡಾಕ್ಟರು ಪಾಪ, ಅದನ್ನೇ ತುಂಬಿದರು. 'ದಿನಕ್ಕೆ ಎಷ್ಟು ಹಾಲು' ಎಂಬಲ್ಲಿ 'ಇಲ್ಲ' ಎಂದು ಬರೆದರು.

ಎದುರು ವಕೀಲರು ಅದನ್ನು ಎತ್ತಿ ಹಿಡಿದರು: "ಹಾಲೇ ಇಲ್ಲ. ಮತ್ತೆ ನಷ್ಟ ಎಲ್ಲೈತೆ?"

"ಅದು ಗಂಡು ನಾಯಿ ಕಣ್ರಿ."

"ಗಂಡು ಅಂತ ಈ ಫಾರಂನಲ್ಲಿ ಎಲ್ಲೈತೆ ತೋರಿಸ್ರಿ."

೩

ಅಷ್ಟರಲ್ಲಿ ಡಾಕ್ಟರಿಗೆ ಮೊಳಕಾಲ್ಮೂರಿಗೆ ವರ್ಗವಾಗಿತ್ತು. ಆದರೂ ಬಸ್ಸು ಹತ್ತಿ ಸಾಕ್ಷಿಗೆ ಬಂದರು.

ನಾಯಿ ನನ್ನದೆನ್ನಲು ಲೈಸೆನ್ಸಿಲ್ಲ. "ಜೊತೇಲಿರೋ ಫೋಟೋನಾದ್ರೂ ಐತಾ?" ಎಂದರು ವಕೀಲರು. ನಮ್ಮಿಬ್ಬರ ಫೋಟೋ ತೆಗೆಯಲು ಮನೆಯಲ್ಲಿ ಮೂರನೆಯವರು ಬೇಕಲ್ಲ.

"ಪರೀಕ್ಷೆ ಮಾಡಿ ಹೇಳ್ತೀನಿ" ಎಂದು ಡಾಕ್ಟರು ಕೆಂಚನನ್ನು ಒಳಗೆ ತರಿಸಿ, ನನ್ನ ಕಡೆ ತಿರುಗಿದರು: "ಆ ಕಾವಲಿನ ವಿಷಯ ಒಂಚೂರು ಮಾತಾಡ್ರಿ."

ನಾನು ಶುರು ಮಾಡಿದೆ. ಬೇಲಿ, ಕುರಿ, ಅಧಿಕಾರಿಗಳು, ಯಾರನ್ನೂ ಬಿಡಲಿಲ್ಲ. ಹಿಂದಿನ ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಮಿಲ್ ಮಾಲೀಕನೂ ಫೋನು ಬಂದವನಂತೆ ಹೊರಗೆ ನಡೆದ. ಕೆಂಚ ನನ್ನ ಪಾದದ ಮೇಲೆ ತಲೆಯಿಟ್ಟು ಗೊರಕೆ ಹೊಡೆದ.

"ನೋಡಿ ಸ್ವಾಮಿ, ಇವರು ಮಾಲೀಕ ಅನ್ನೋ ಗುರುತೇ ನಾಯಿಗಿಲ್ಲ, ಮಲಗೈತೆ" ಎಂದರು ವಕೀಲರು.

ಡಾಕ್ಟರು ಹೇಳಿದರು: "ಬೀದಿನಾಯಿ ಆಗಿದ್ರೆ ಅದೂ ಎದ್ದು ಹೋಗಿರೋದು. ಇದು ದಿನಾ ಕೇಳಿ ರೂಢಿಯಾಗಿರೋ ನಾಯಿ."

ನಾನು ತಹಶೀಲ್ದಾರರ ವಿಷಯಕ್ಕೆ ಬಂದಿದ್ದೆ. ನ್ಯಾಯಾಧೀಶರು ಕೈಯೆತ್ತಿದರು: "ಸಾಕು, ನಿಲ್ಲಿಸ್ರಿ. ನಾಯಿ ನಿಮ್ಮದೇ."