ಮೂಗು ಪಾಸಾದವರು ಮಾತ್ರ ಒಳಗ ಬರ್ರಿ

ಸುರಪುರದಲ್ಲಿರುವ ನಮ್ಮ ದೊಡ್ಡಪ್ಪನ ಮನೆಯೊಳಗೆ ಕಾಲಿಡುವುದಕ್ಕಿಂತ ತಹಶೀಲ್ದಾರರ ಸಹಿ ಮಾಡಿಸಿಕೊಂಡು ಬರುವುದು ಸುಲಭ! ಸುಳ್ಳು ಅಂದುಕೊಂಡಿರಾ? ಸ್ವಂತ ತಮ್ಮನ ಮಗ ನಾನು. ನಾನು ಕಲಿಸುವ ಶಾಲೆಗೆ ಸೂಟಿ ಬಿಟ್ಟಿದೆಯೆಂದು ಶಹಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದವನು. ನನ್ನನ್ನೇ ದೊಡ್ಡಪ್ಪ ಕಟ್ಟೆಯ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಮೂಗಿಗೆ ಒಂದು ಡಬ್ಬಿ ಹಿಡಿದ.

"ಏನ್ ವಾಸನಿ?"

"ಇಂಗು."

"ಪಾಸ್. ಒಳಗ ಬಾ."

ಹೊಸ ನಮೂನೆಯ ಕೊರೊನಾ ಬಂದಿದೆಯೆಂದು ಟಿವಿಯಲ್ಲಿ ಕೇಳಿದ ಮರುದಿನವೇ ದೊಡ್ಡಪ್ಪ ಅಡುಗೆಮನೆಗೆ ನುಗ್ಗಿ ನಾಲ್ಕು ಡಬ್ಬಿ ಎತ್ತಿಕೊಂಡು ಬಂದಿದ್ದ. ಇಂಗು, ಲವಂಗ, ಅಜವಾನ, ಕಾಫಿಪುಡಿ. ಕೊರೊನಾ ಬಂದವರಿಗೆ ವಾಸನೆ ತಿಳಿಯುವುದಿಲ್ಲ, ಆದ್ದರಿಂದ ವಾಸನೆ ತಿಳಿದವರಿಗೆ ಕೊರೊನಾ ಇಲ್ಲ! ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವನ ಲೆಕ್ಕಾಚಾರ, ತಪ್ಪು ಅನ್ನುವ ಧೈರ್ಯ ಯಾರಿಗಿದೆ? ಬಾಗಿಲಿಗೆ ರಟ್ಟಿನ ಬೋರ್ಡು ಬೇರೆ: 'ಮೂಗು ಪಾಸಾದವರು ಮಾತ್ರ ಒಳಗ ಬರ್ರಿ.' ಫೇಲಾದವರಿಗೆ ಕಟ್ಟೆಯ ಮೇಲೆಯೇ ಚಹಾ, ಅಲ್ಲಿಂದಲೇ ಶರಣು.

ನಗಬೇಡಿ. ಒಳಗೆ ಹುಟ್ಟಿ ಇನ್ನೂ ತಿಂಗಳು ತುಂಬದ ಕೂಸಿತ್ತು. ದೊಡ್ಡಪ್ಪನ ಒಬ್ಬಳೇ ಮಗಳು, ನನ್ನ ತಂಗಿ, ಬಾಣಂತಿ. ಅವಳ ಬಾಣಂತನ ಮಾಡಬೇಕಾಗಿದ್ದ ದೊಡ್ಡವ್ವ ಹಿಂದಿನ ಕೊರೊನಾದಲ್ಲೇ ಹೋಗಿಬಿಟ್ಟಿದ್ದಳು. ಕಲಬುರಗಿಯ ಆಸ್ಪತ್ರೆಗೆ ಕರೆದುಕೊಂಡು ಹೋದದ್ದಷ್ಟೇ, ಮುಖ ನೋಡಲೂ ಬಿಡಲಿಲ್ಲ. ಆಮೇಲೆ ಆ ಮನೆಯಲ್ಲಿ ಯಾರೂ ಮನಬಿಚ್ಚಿ ನಕ್ಕಿರಲಿಲ್ಲ. ಈ ಕೂಸಿಗೆ ಏನಾದರೂ ಆದರೆ ದೊಡ್ಡಪ್ಪ ಉಳಿಯುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಆದರೆ ನಮ್ಮ ಕಡೆ ಕೂಸು ಹುಟ್ಟಿದ ಮೇಲೆ ನೋಡಲು ಬಾರದೆ ಮನೆಯಲ್ಲಿ ಕೂರುವವರು ಇದ್ದಾರೆಯೇ? ಬರಬೇಕು, ಎತ್ತಿಕೊಳ್ಳಬೇಕು, ಗಲ್ಲ ಹಿಂಡಬೇಕು, ಕೂಸಿನ ಕಿವಿ ಯಾರ ಮನೆತನದ್ದು ಎಂದು ವಾದ ಮಾಡಬೇಕು. ಮೊದಲು ಬಂದವಳು ಕೊಡೇಕಲ್ಲಿನ ನಮ್ಮ ಸೋದರತ್ತೆ, ದೊಡ್ಡಪ್ಪನ ಖಾಸಾ ತಂಗಿ. ಡಬ್ಬಿ ಹಿಡಿದರೆ ಅವಳಿಗೆ ಏನೂ ತಿಳಿಯಲೊಲ್ಲದು!

"ನಲವತ್ತು ವರ್ಷ ನಶ್ಯ ಏರಿಸಿದ ಮೂಗದು, ಯಣ್ಣಾ! ಮುಂದ ಹೆಣ ಇಟ್ರೂ ವಾಸನಿ ಬರಂಗಿಲ್ಲ."

"ಹಂಗಾದ್ರ ಫೇಲ್."

"ಒಡಹುಟ್ಟಿದಾಕಿನ್ನ ಬಾಗಲದಾಗ ನಿಲ್ಲಸ್ತಿ? ನಿನ್ನ ಡಬ್ಬಿಗೆ ಬೆಂಕಿ ಹಚ್ಚಲಿ!"

ಕೂಸಿನ ತಲೆಗೆಂದು ಹೊಲಿದು ತಂದಿದ್ದ ಕುಂಚಿಗಿಯನ್ನು ಕಿಟಕಿಯ ಸರಳುಗಳ ನಡುವಿನಿಂದ ಒಳಗೆ ತುರುಕಿ, ಕಣ್ಣೊರೆಸಿಕೊಂಡು ಹೋದಳು. ಅವಳಿಗೆ ಒಂದು ಸೀನೂ ಇರಲಿಲ್ಲ, ಪಾಪ.

ಆ ದಿನವೇ ಹುಣಸಗಿಯ ಬೀಗರು, ತಂಗಿಯ ಮಾವ, ಬಂದರು. ಓಣಿಯ ಆ ತುದಿಯಿಂದಲೇ ಅವರ ಕೆಮ್ಮು ಕೇಳುತ್ತಿತ್ತು. "ಹಾದ್ಯಾಗ ಭಾಳ ಧೂಳ್ರಿ," ಅಂದರು. ಡಬ್ಬಿ ಹಿಡಿದದ್ದೇ ತಡ, "ಲವಂಗ! ಅದೂ ಹಳೇ ಲವಂಗರಿ!" ದೊಡ್ಡಪ್ಪನಿಗೆ ಹಿಗ್ಗೋ ಹಿಗ್ಗು. "ಫಸ್ಟ್ ಕ್ಲಾಸ್ ಪಾಸ್ರಿ, ಬರ್ರಿ ಬರ್ರಿ!" ಬೀಗರು ಒಳಗೆ ಹೋಗಿ ಕೂಸನ್ನೆತ್ತಿ ಹಣೆಗೆ ಮುತ್ತು ಕೊಟ್ಟರು. ಅದನ್ನು ನೋಡುತ್ತ ನಾನೂ ಸುಮ್ಮನೆ ನಿಂತಿದ್ದೆ. ಆ ಪಾಪದಲ್ಲಿ ನನ್ನ ಪಾಲೂ ಇದೆ.

ಎರಡು ದಿನಕ್ಕೆ ಹುಣಸಗಿಯಿಂದ ಫೋನು ಬಂತು. ಬೀಗರಿಗೆ ಕೊರೊನಾ! ಅಂದು ಮಧ್ಯಾಹ್ನವೇ ಕೂಸು ಮೈ ಕಾದು, ಹಾಲು ಕುಡಿಯುವುದನ್ನೇ ಬಿಟ್ಟಿತು. ವಿಷಯ ತಿಳಿದು ಓಡಿ ಬಂದ ಆಶಾ ಕಾರ್ಯಕರ್ತೆ ಆಂಬುಲೆನ್ಸಿಗೆ ಫೋನ್ ಮಾಡಿ, ತಂಗಿಯನ್ನೂ, ಕೂಸು ಹುಟ್ಟಿದಾಗಿನಿಂದ ಇಲ್ಲೇ ಇದ್ದ ಅವಳ ಗಂಡನನ್ನೂ ಕೂಸಿನ ಜೊತೆ ಯಾದಗಿರಿಯ ಆಸ್ಪತ್ರೆಗೆ ಕಳಿಸಿದಳು. ಆಮೇಲೆ ಡಬ್ಬಿಗಳನ್ನು ನೋಡಿ ಹಣೆ ಚಚ್ಚಿಕೊಂಡಳು.

"ಏನ್ ಕಾಕಾ ಇದು? ಈ ಸಲದ್ರಾಗ ವಾಸನಿ ಹೋಗೂದು ಕಮ್ಮಿರಿ. ಗಂಟಲ ನೋವು, ನೆಗಡಿ, ಕೆಮ್ಮು, ಜ್ವರ, ಇವನ್ನ ನೋಡಬೇಕು. ಕೆಮ್ಮವರನ್ನ ಒಳಗ ಬಿಟ್ಟು, ಗಟ್ಟಿ ಇದ್ದವರನ್ನ ಹೊರಗ ನಿಲ್ಲಿಸೀರಲ್ಲ! ಕಿಟಕಿ ತೆರೀರಿ, ಮಾಸ್ಕ್ ಹಾಕ್ಕೋರಿ. ಮೈ ಬಿಸಿ ಆದ್ರ, ದಮ್ಮು ಹತ್ತಿದ್ರ ತಡಾ ಮಾಡದ ದವಾಖಾನಿಗೆ ಬರ್ರಿ."

ದೊಡ್ಡಪ್ಪ ಬಾಗಿಲಿಗೆ ಹೋದ. ಬೋರ್ಡು ಹರಿದ. ನಾಲ್ಕೂ ಡಬ್ಬಿಗಳನ್ನು ಮನೆಯ ಮುಂದಿನ ಗಟಾರಕ್ಕೆ ಸುರಿದ. ಕಿಟಕಿ ಬಾಗಿಲು ತೆರೆದು, ಮಾಸ್ಕ್ ಹಾಕಿಕೊಂಡು, ನಾವಿಬ್ಬರೂ ಪಡಸಾಲೆಯ ಎರಡು ತುದಿಗೆ ಕೂತೆವು. ಸುಮ್ಮನಿರಲಾರದೆ ನಾನೇ ಬಾಯಿಬಿಟ್ಟೆ.

"ದೊಡ್ಡಪ್ಪಾ, ಓಣಿ ತುಂಬ ಇಂಗು ಹೊಡ್ಯಾಕತ್ತದ."

"ಹೌದೇನು? ನನಗ ತಿಳಿಯಂಗಿಲ್ಲ."

ನಾನು ಅವನ ಮುಖ ನೋಡಿದೆ.

"ಹಿಂದಿನ ಸಲ ಹೋದ ವಾಸನಿ ತಿರುಗಿ ಬಂದಿಲ್ಲ. ಆವತ್ತು ನಿಮ್ಮ ದೊಡ್ಡವ್ವ ರೊಟ್ಟಿಗಂತ ಶೇಂಗಾ ಹಿಂಡಿ ಕುಟ್ಟಾಕತ್ತಿದ್ಲು. ನನಗ ವಾಸನಿ ಬರಲಿಲ್ಲ. ಹೇಳಿದ್ರ ಬ್ಯಾರೆ ಖೋಲ್ಯಾಗ ಹಾಕ್ತಾರಂತ ಹೇಳಲಿಲ್ಲ. ಅಕಿ ಬಾಜೂಕನ ಕುಂತು ಉಂಡೆ. ನಾ ಉಳದೆ."

ಊರನ್ನೆಲ್ಲ ನಗಿಸಿದ ಆ ಡಬ್ಬಿಗಳ ಮೇಲೆ ನಾನೂ ಶಹಾಪುರದ ಸ್ಟಾಫ್ ರೂಮಿನಲ್ಲಿ ಎಷ್ಟು ಜೋಕು ಹೊಡೆಯಬೇಕೆಂದು ಲೆಕ್ಕ ಹಾಕಿಟ್ಟಿದ್ದೆ. ನಾಚಿಕೆಯಾಯಿತು.

ಮೂರನೆಯ ದಿನ ತಂಗಿಯ ಫೋನು ಬಂತು. ಕೂಸಿನ ಜ್ವರ ಇಳಿದಿದೆ, ಹಾಲು ಕುಡಿಯುತ್ತಿದೆ, ನಾಳೆ ಕಳಿಸುತ್ತಾರಂತೆ. ದೊಡ್ಡಪ್ಪ ಗೋಡೆಗೆ ತಲೆಯಾನಿಸಿ ಅತ್ತ. ಅತ್ತು ಮುಗಿಸಿ ಎದ್ದು ಟ್ರಂಕು ತೆರೆದು, ದೊಡ್ಡವ್ವ ಆಸ್ಪತ್ರೆಗೆ ಹೋಗುವಾಗ ಬಿಚ್ಚಿಟ್ಟಿದ್ದ ಇಳಕಲ್ ಸೀರೆಯನ್ನು ತಂದ.

"ಇದರದ ಕೂಸಿಗೆ ಕೌದಿ ಹೊಲಸೂಣಂತ ಮಗಳು ಕೇಳಾಕತ್ತಾಳ. ತೊಳದ್ರ ಅಕಿ ವಾಸನಿ ಹೋಗ್ತದಂತ ನಾ ಕೊಟ್ಟಿಲ್ಲ. ಆದ್ರ ವಾಸನಿ ಅದನೋ ಇಲ್ಲೋ, ನನಗೇನ್ ಗೊತ್ತು? ನೀ ಒಮ್ಮಿ ನೋಡಿ ಹೇಳು. ಆಮ್ಯಾಲ ತೊಳ್ಯಾಕ ಕೊಡ್ತೀನಿ. ಕಣ್ಣು ಮುಚ್ಚು."

ಕಣ್ಣು ಮುಚ್ಚಿ, ಮಾಸ್ಕ್ ಇಳಿಸಿದೆ. ಸೀರೆ ನನ್ನ ಮೂಗಿಗೆ ತಾಗಿತು.

"ಏನ್ ವಾಸನಿ?"

ನುಸಿ ಹಿಡಿಯದಿರಲೆಂದು ಟ್ರಂಕಿನಲ್ಲಿಟ್ಟ ಡಾಂಬರ್ ಗುಳಿಗೆಯ ವಾಸನೆ. ಬೇರೆ ಏನೂ ಇರಲಿಲ್ಲ.

"ಶೇಂಗಾ ಹಿಂಡಿ, ದೊಡ್ಡಪ್ಪಾ. ಬಳ್ಳೊಳ್ಳಿ ಹಾಕಿ ಕುಟ್ಟಿದ್ದು."

ಅವನು ಸೀರೆಯನ್ನು ಮಡಚಿ ನನ್ನ ತೊಡೆಯ ಮೇಲಿಟ್ಟ.

"ಪಾಸ್," ಅಂದ.