ಅಚ್ಚು ಬೆಲ್ಲವೂ ಉಂಡೆ ಬೆಲ್ಲವೂ

ಎರಡು ವಸ್ತು ಸಮವಾಗಿರುವುದು ದೇವರಿಗೂ ಕಷ್ಟವೇ ಇರಬೇಕು. ನನ್ನ ಎರಡು ಕಣ್ಣಿಗೇ ಕನ್ನಡಕದ ನಂಬರು ಬೇರೆ ಬೇರೆ. ಆದರೂ ಎರಡೂ ಕಾಣುತ್ತವಲ್ಲ, ತಾಯಿಯ ದಯೆ.

ನಮ್ಮ ಸೊಸೆ ಸೌಮ್ಯ ಮದ್ದೂರಿನ ಈ ಮನೆಯಲ್ಲೇ ಕುಳಿತು ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಒಂದು ಕಂಪ್ಯೂಟರು ಮಾಹಿತಿಯನ್ನು ಗಂಟು ಕಟ್ಟಿ ಕಳಿಸುತ್ತದಂತೆ, ಇನ್ನೊಂದು ಬಿಚ್ಚಿಕೊಳ್ಳುತ್ತದಂತೆ. ಎರಡು ಗಂಟಿನೊಳಗಿರುವುದು ಸಮವೋ ಅಲ್ಲವೋ ಎಂದು ತೀರ್ಮಾನಿಸುವ ನಿಯಮ ಬರೆಯುವುದು ಇವಳ ಪಾಲಿಗೆ ಬಂದಿತ್ತು.

“ಅತ್ತೆ, ಒಂದೂ ಒಂದು ಪಾಯಿಂಟ್ ಸೊನ್ನೆಯೂ ಸಮಾನಾ?”

“ಸಮ ಕಣವ್ವ. ಇದುಕ್ಕೂ ಸಂಬ್ಳ ಕೊಟ್ಟಾರಾ?” ಅಂದೆ.

ಒಳಗಿನ ಸಾಮಾನು ಅದೇ ಆಗಿದ್ದರೆ ಹಿಂದುಮುಂದಾದರೂ ಸಮವಂತೆ. ಗೌರಿ ಬಾಗಿನದ ಹಾಗೇ ಅಂದುಕೊಂಡೆ. ಮೊರದಲ್ಲಿ ಬಳೆ ಮೇಲಿದ್ದರೇನು, ಕುಂಕುಮ ಮೇಲಿದ್ದರೇನು?

ಹಬ್ಬಕ್ಕೆ ನಾದಿನಿಯರಿಬ್ಬರೂ ಬಂದರು. ಪೂರಿಗಾಲಿಯ ಜಯಮ್ಮ ದೊಡ್ಡವಳು, ಸೋಮನಹಳ್ಳಿಯ ರತ್ನ ಚಿಕ್ಕವಳು. ಬಾಗಿನ ಕೊಟ್ಟೆ. ರತ್ನ ಮೊರದ ಮುಚ್ಚಳ ಸರಿಸಿದವಳೇ ಮುಖ ಸಣ್ಣ ಮಾಡಿದಳು.

“ಅತ್ಗೆ, ಅಕ್ಕಂಗೆ ಅಚ್ಚು ಬೆಲ್ಲ, ನಂಗೆ ಉಂಡೆನಾ? ಚಿಕ್ಕೋಳು ಅಂತ ಸಸಾರಾನಾ?”

“ಅಚ್ಚು ಮುಗುದೋಗಿತ್ತು ಕಣಮ್ಮ. ಎಲ್ಡೂ ಒಂದೇ ತೂಕ.”

“ತೂಕ ಯಾರ್ ಕೇಳುದ್ರು? ಬತ್ತೀನಿ ಬುಡು,” ಎಂದು ಬ್ಯಾಗು ಎತ್ತಿದಳು.

ಹಬ್ಬದ ದಿನ ಮನೆಮಗಳು ಉಣ್ಣದೆ ಹೊಸಿಲು ದಾಟಿದರೆ ನಾನು ಯಾವ ಮುಖದಲ್ಲಿ ಗೌರಿಗೆ ಆರತಿ ಎತ್ತಲಿ? ನಮ್ಮ ಯಜಮಾನರು ಫ್ಯಾನು ನೋಡುತ್ತಾ ಕುಳಿತರು. ಸೌಮ್ಯ ನಡುವೆ ಬಂದಳು.

“ಚಿಕ್ಕತ್ತೆ, ಆಕಾರ ಬೇರೆ, ಒಳಗಿರೋದು ಬೆಲ್ಲಾನೇ. ನಮ್ಮ ಲೆಕ್ಕದಲ್ಲಿ ಎರಡೂ ಸಮ.”

“ನಿನ್ ಕಂಪ್ಯೂಟ್ರುಗೆ ತವ್ರುಮನೆ ಐತಾ?” ಅಂದಳು ರತ್ನ. ನನ್ನ ಕಣ್ಣು ತುಂಬಿತು.

ಜಯಮ್ಮ ತನ್ನ ಅಚ್ಚುಗಳನ್ನೆಲ್ಲ ತೆಗೆದು ತಂಗಿಯ ಮಡಿಲಿಗೆ ಹಾಕಿ, ಉಂಡೆಯನ್ನು ತಾನು ತೆಗೆದುಕೊಂಡಳು. “ತಗಳ್ಳೇ, ಉಣ್ಣು ನಡಿ.” ರತ್ನ ಅಚ್ಚುಗಳನ್ನು ನೋಡಿದಳು, ಅಕ್ಕನ ಕೈಯ ಉಂಡೆ ನೋಡಿದಳು.

“ಅಕ್ಕ, ಈಗ ಆ ಉಂಡೆನೇ ದಪ್ಪ ಕಾಣ್ತದಲ್ಲ?”

ಮೊದಲು ನಕ್ಕವಳು ಜಯಮ್ಮ, ಕೊನೆಗೆ ನಕ್ಕವಳು ರತ್ನ. ತುಪ್ಪ ಸುರಿಸಿಕೊಂಡು ಒಬ್ಬಟ್ಟು ತಿಂದೇ ಹೋದಳು.

ಪಾತ್ರೆ ತೊಳೆಯುವಾಗ ಸೌಮ್ಯ ಹೇಳಿದಳು: “ನಮ್ಮಲ್ಲೂ ಚಿಕ್ಕತ್ತೆಯಂಥದ್ದೊಂದು ಇದೆ ಅತ್ತೆ. ಸೊನ್ನೆಯನ್ನ ಸೊನ್ನೆಯಿಂದ ಭಾಗಿಸಿದರೆ ಬರುವಂಥ, ಲೆಕ್ಕಕ್ಕೇ ಸಿಗದ ಸಂಖ್ಯೆ. ಅದು ತನಗೆ ತಾನೇ ಸಮ ಅಲ್ಲ.”

“ರತ್ನ ಉಂಡ್ಕಂಡು ಹೋದ್ಲಲ್ಲ, ಅಷ್ಟು ಸಾಕು ಬುಡವ್ವ,” ಅಂದೆ.

ಸಂಜೆ ಮಳವಳ್ಳಿಯಿಂದ ನನ್ನ ತಮ್ಮ, ನಮ್ಮ ಅಕ್ಕನ ಮನೆಗೆ ಬಾಗಿನ ಕೊಟ್ಟು, ನನಗೂ ತಂದ. ಬಾರಪ್ಪ ಎಂದು ಕೂರಿಸಿ, ಕಾಫಿ ಕೊಟ್ಟು, ದೇವರ ಮುಂದೆ ಮೊರವಿಟ್ಟು ಮುಚ್ಚಳ ಸರಿಸಿದೆ. ಉಂಡೆ ಬೆಲ್ಲ. ಗೌರಿಗೆ ಕೈಮುಗಿದೆ. ಮುಗಿದ ಕೈ ಇಳಿಸುವ ಮೊದಲೇ ಬಾಯಿಂದ ಬಂದೇಬಿಟ್ಟಿತು:

“ಲೇ, ಅಕ್ಕಂಗೆ ಯಾವ ಬೆಲ್ಲ ಕೊಟ್ಯೋ?”