ಕೀ ತಿರುಗಿಸಿದವರಿಗೆಲ್ಲ ಸ್ಟಾರ್ಟ್ ಆಗುವ ಪಿಕಪ್ಪು

ಗುಬ್ಬಿ, ಮೇ ೨೦೦೪

ನಮ್ಮ ಪಿಕಪ್ಪಿನ ಡ್ಯಾಶ್‌ಬೋರ್ಡಿನ ಕೆಳಗೆ ವಿರಾಜಮಾನರಾಗಿರುವ ಕಂಪ್ಯೂಟರ್ ಪೆಟ್ಟಿಗೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ನಮ್ಮ ಮನೆಗೆ ದಯಮಾಡಿಸಿ ಮೂರು ತಿಂಗಳು ತುಂಬಿತು. ಇಷ್ಟು ದಿನವಾದರೂ ತಮ್ಮ ಯೋಗಕ್ಷೇಮ ವಿಚಾರಿಸದ ತಪ್ಪನ್ನು ಮನ್ನಿಸಬೇಕು. ಎದುರಿಗೆ ನಿಂತು ಮಾತನಾಡುವುದು ನನಗೆ ಮೊದಲಿನಿಂದಲೂ ಕಷ್ಟ. ಆದ್ದರಿಂದ ಈ ಪತ್ರ.

ಮೊದಲಿಗೆ ತಮ್ಮ ಗುಣಗಾನ. ನಮ್ಮ ತಂದೆ ಚಿಕ್ಕರಂಗಯ್ಯನವರ ಐವತ್ತೆಂಟನೇ ಇಸವಿಯ ಪೆಟ್ರೋಲ್ ಪಿಕಪ್ಪಿನಿಂದ, ತುಮಕೂರಿನ ಗ್ಯಾರೇಜಿನಲ್ಲಿ ಕೆಲಸ ಮಾಡುವ ನಮ್ಮ ಸೋದರತ್ತೆಯ ಮಗ ಮೋಹನ್‌ಕುಮಾರ್ ಕಾರ್ಬ್ಯುರೇಟರನ್ನು ಬಿಚ್ಚಿ ಪಕ್ಕಕ್ಕಿಟ್ಟು, ಅಪಘಾತವಾದ ಯಾವುದೋ ಕಾರಿನಿಂದ ತೆಗೆದ ಇಂಜೆಕ್ಟರು, ಸೆನ್ಸರು, ಟ್ಯಾಂಕಿನ ಪಂಪು ಇವುಗಳೊಂದಿಗೆ ತಮ್ಮನ್ನೂ ಪ್ರತಿಷ್ಠಾಪಿಸಿದ. ಅಂದಿನಿಂದ ಎಂಜಿನ್ನಿಗೆ ಎಷ್ಟು ಗಾಳಿ ಬಂತು, ಎಷ್ಟು ಕಾವೇರಿತು ಎಂದು ನೋಡಿಕೊಂಡು, ಅಷ್ಟಕ್ಕೇ ಬೇಕಾದ ಪೆಟ್ರೋಲನ್ನು ತಾವೇ ಹನಿಹನಿಯಾಗಿ ಬಡಿಸುತ್ತಿದ್ದೀರಿ. ಶಿವರಾತ್ರಿಯ ಚಳಿಯಲ್ಲೂ ಮೊದಲ ಸಲಕ್ಕೇ ಸ್ಟಾರ್ಟ್. ಹೊಗೆಯಿಲ್ಲ, ಕೆಮ್ಮಿಲ್ಲ, ದೇವರಾಯನದುರ್ಗದ ಏರಿನಲ್ಲೂ ಏದುಸಿರಿಲ್ಲ. ಇಂಥ ಸಜ್ಜನಿಕೆಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ನಮ್ಮ ದೂರು ಇರುವುದು ಅದರ ಬಗ್ಗೆಯೇ.

ಹಿಂದಿನ ಸಂಗತಿ ತಮಗೆ ಗೊತ್ತಿರಲಾರದು. ಕಾರ್ಬ್ಯುರೇಟರಿನ ಕಾಲದಲ್ಲಿ ಆ ಗಾಡಿಯನ್ನು ಸ್ಟಾರ್ಟ್ ಮಾಡಬಲ್ಲವರು ಇಡೀ ಗುಬ್ಬಿ ತಾಲೂಕಿನಲ್ಲಿ ಒಬ್ಬರೇ. ಅಪ್ಪ ಚೋಕ್ ಎಳೆದು, ಆಕ್ಸಿಲರೇಟರನ್ನು ಮೂರು ಸಲ ಒತ್ತಿ, ಇಳಿದು ಬಾನೆಟ್ ಎತ್ತಿ, ಪೆಟ್ರೋಲ್ ಹಾಯುವ ಪುಟ್ಟ ತೂತಿನ ಜೆಟ್ ಬಿಚ್ಚಿ ಬಾಯಿಂದ ಊದಿ, ಪೆಟ್ರೋಲ್ ಉಗಿದು, "ಒಸಿ ಮುನಿಸ್ಕಂಡವ್ಳೆ, ಬುಡಿ, ಎಲ್ಲಾ ಹಿಂದಕ್ ಸರೀರಿ" ಎನ್ನುತ್ತಿದ್ದರು. ಜನ ಸರಿಯುತ್ತಿದ್ದರು. ಯಾರದಾದರೂ ಮದುವೆಗೆ ಪಾತ್ರೆ ಪಡಗ ಸಾಗಿಸಲು ಪಿಕಪ್ಪು ಬೇಕೆಂದರೆ ಅಪ್ಪನೂ ಬೇಕಾಗುತ್ತಿತ್ತು. ವಾಪಸ್ಸು ತರಲೂ ಅವರೇ ಬೇಕಾದ್ದರಿಂದ ಎರಡು ದಿನವೂ ಛತ್ರದಲ್ಲೇ ಉಳಿಸಿಕೊಂಡು, "ಗಾಡಿ ಯಜಮಾನ್ರದ್ದು ಊಟ ಆಯ್ತೇನ್ರೋ" ಎಂದು ಹೆಣ್ಣಿನ ತಂದೆಯೇ ಪಂಕ್ತಿಯಲ್ಲಿ ಹುಡುಕುತ್ತಿದ್ದರು. ಮುಂಗೋಪಿಯೆಂದು ಊರೆಲ್ಲ ಬಲ್ಲ ನಮ್ಮಪ್ಪನನ್ನು ಬರಿಯ ಪ್ರೀತಿಗಾಗಿ ಯಾರೂ ಅಷ್ಟು ಮದುವೆಗಳಿಗೆ ಕರೆಯುತ್ತಿರಲಿಲ್ಲ ಎಂಬುದು ನಮಗೂ ಗೊತ್ತು, ಅವರಿಗೂ ಗೊತ್ತು.

ಆಮೇಲೆ ತಾವು ಬಂದಿರಿ. ಹೋದ ತಿಂಗಳು ಕುಣಿಗಲ್ಲಿನಲ್ಲಿ ಪಕ್ಕದ ಮನೆಯ ಮೂಡಲಗಿರಿಯಪ್ಪನವರ ಮಗಳ ಮದುವೆ. ಅಪ್ಪ ಇಸ್ತ್ರಿ ಮಾಡಿಸಿದ ಬಿಳಿ ಶರಟು ತೊಟ್ಟು ಆರು ಗಂಟೆಗೇ ಜಗುಲಿಯಲ್ಲಿ ಕೂತಿದ್ದರು. ಮೂಡಲಗಿರಿಯಪ್ಪನವರು ಮಗನನ್ನು ಕರೆದುಕೊಂಡು ಬಂದು, ಬಹಳ ವಿನಯದಿಂದ, "ಚಿಕ್ಕರಂಗಣ್ಣ, ನೀವ್ಯಾಕೆ ತೊಂದ್ರೆ ತಗೋತೀರಿ, ಕೀ ಕೊಡಿ ಸಾಕು. ಈಗ ಯಾರ್ ತಿರುಗಿಸಿದ್ರೂ ಸ್ಟಾರ್ಟ್ ಆಯ್ತದಂತಲ್ಲ" ಎಂದರು. ಅಮ್ಮ ಒಳಗಿನಿಂದ, "ಹಿಂದ್ಗಡೆ ಕೂತ್ಕಂಡಾದ್ರೂ ಹೋಗ್ಬನ್ನಿ" ಎಂದರು. "ಕೊಪ್ಪರಿಗೆ ಜೊತೇಲಾ?" ಎಂದು ಕೇಳಿ ಅಪ್ಪ ಶರಟು ಬಿಚ್ಚಿ ಮೊಳೆಗೆ ತಗುಲಿಸಿದರು. ಅಷ್ಟರಲ್ಲಿ ತಾವು ಬೀದಿಯ ತಿರುವು ದಾಟಿದ್ದಿರಿ, ಒಂದು ಸದ್ದೂ ಮಾಡದೆ.

ಆದ್ದರಿಂದ ವಿನಂತಿ ಏನೆಂದರೆ, ತಾವು ಲಗ್ನದ ದಿನಗಳಲ್ಲಿ ಕಡ್ಡಾಯವಾಗಿ ನೆಗಡಿಯಾದವರಂತೆ ವರ್ತಿಸಬೇಕು. ಬೇಕಿದ್ದರೆ ಪಂಚಾಂಗವನ್ನು ತಮ್ಮ ಪಕ್ಕದಲ್ಲೇ ತಂದಿಡುತ್ತೇನೆ. ಇಷ್ಟೊಂದು ಸೆನ್ಸರುಗಳಿರುವ ತಮಗೆ ಸೀಟಿನಲ್ಲಿ ಕೂತವರು ಯಾರ ಮನೆಯವರೆಂದು ತಿಳಿಯುವುದು ಕಷ್ಟವಾಗಲಾರದು. ಅಪ್ಪನಲ್ಲದೆ ಬೇರೆಯವರು ಕೀ ತಿರುಗಿಸಿದರೆ ಉತ್ತರಿಸಬಾರದು. ಅಪ್ಪ ತಮ್ಮನ್ನು ಬಾಯಿಂದ ಊದಿದರೆ, ಅದರಿಂದಲೇ ಗುಣವಾಯಿತೆಂದು ತೋರಿಸಿಕೊಳ್ಳಬೇಕು. ಇದೇ ಭಾನುವಾರ ಯಡಿಯೂರಿನಲ್ಲಿ ಚನ್ನಬಸವಯ್ಯನವರ ಮಗನ ಮದುವೆ. ಶನಿವಾರ ಬೆಳಿಗ್ಗೆ ಅವರ ಅಳಿಯ ಕೀ ಕೇಳಲು ಬರುತ್ತಾನಂತೆ. ಅಷ್ಟರೊಳಗೆ ತಮ್ಮ ಕೃಪೆಯಾಗಲಿ.

ಸದ್ಯಕ್ಕೆ ತಮ್ಮ ವಿಶ್ವಾಸಿ,
ಸಂಧ್ಯಾ ಸಿ., ಎಂ.ಎ. (ಕನ್ನಡ)

ತಾ.ಕ.: ತಮ್ಮಿಂದ ಉತ್ತರ ಬರಲಿಲ್ಲ. ತಮಗೆ ಕರೆಂಟು ಹೋಗುವ ದಾರಿಯಲ್ಲಿರುವ ಪುಟ್ಟ ಫ್ಯೂಸು ಯಾವುದೆಂದು ಮೋಹನ್‌ಕುಮಾರ್‌ನಿಂದ ತಿಳಿದುಕೊಂಡು, ಶನಿವಾರ ಅಳಿಯ ಬರುವ ಮೊದಲೇ ಕಿತ್ತಿಟ್ಟುಕೊಂಡೆ. ಆತ ಇಪ್ಪತ್ತು ನಿಮಿಷ ಕೀ ತಿರುಗಿಸಿದರೂ ತಾವು ತುಟಿ ಬಿಚ್ಚಲಿಲ್ಲ. ಅಪ್ಪನಿಗೆ ಕಾಫಿ ಕೊಡುವಾಗ ಫ್ಯೂಸನ್ನೂ ಅಂಗೈಯಲ್ಲಿಟ್ಟು, ಎಲ್ಲಿ ಸಿಕ್ಕಿಸಬೇಕೆಂದು ಕಿವಿಯಲ್ಲಿ ಹೇಳಿದೆ. ಅವರು ಕಾಫಿ ಪೂರ್ತಿ ಕುಡಿದು, ಹೊರಗೆ ಹೋಗಿ, ಅಳಿಯನಿಗೆ, "ಇದು ಕಂಪ್ಯೂಟ್ರು ವಿಷ್ಯ ಕಣಪ್ಪಾ, ಒಂಚೂರು ಹೊತ್ತಾಯ್ತದೆ" ಎಂದರು. ಈಗ ಅಪ್ಪ ಯಡಿಯೂರಿನ ಛತ್ರದಲ್ಲಿದ್ದಾರೆ. ಗಾಡಿ ನಿಲ್ಲಿಸಿದ ಕೂಡಲೇ ಫ್ಯೂಸು ಅವರ ಜೇಬು ಸೇರುತ್ತಿರುವುದು ನನಗಿಂತ ಮೊದಲು ತಮಗೇ ತಿಳಿದಿರಬೇಕು.